‘ಪಾಸ್ ಔಟ್’ ಅಂದರೆ ಗೆದ್ದವರೋ, ಬಿದ್ದವರೋ?

ಪ್ರಶ್ನೆ: ಸಾರ್, ನಾನು ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿದವಳು. ಮೊನ್ನೆ ಆನ್‌ಲೈನ್ ಇಂಟರ್‌ವ್ಯೂನಲ್ಲಿ ‘ಐ ಪಾಸ್ಡ್ ಔಟ್ ಇನ್ 2023’ ಅಂದೆ. ಆ ಕಡೆ ಇದ್ದ ಅಮೆರಿಕದವರು ನಕ್ಕು, ಈಗ ಆರೋಗ್ಯ ಹೇಗಿದೆ ಅಂತ ಕೇಳಿದರು. ನಾನು ಅಂದದ್ದರಲ್ಲಿ ಏನು ತಪ್ಪಿತ್ತು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ತಪ್ಪೇನಿಲ್ಲಮ್ಮ. ನೀವು ಹೇಳಿದ್ದು ಒಂದು, ಅವರ ಕಿವಿಗೆ ಬಿದ್ದದ್ದು ಇನ್ನೊಂದು. ಅಮೆರಿಕದ ಆಡುಮಾತಿನಲ್ಲಿ ‘ಪಾಸ್ ಔಟ್’ ಅಂದರೆ ಎಚ್ಚರ ತಪ್ಪುವುದು, ನಮ್ಮ ಕಡೆ ಬವಳಿ ಬಂದು ಬಿದ್ದ ಅಂತೀವಲ್ಲ, ಅದು. ಕುಡಿದು ಫ್ಲ್ಯಾಟ್ ಆದವರಿಗೂ ಇದೇ ಮಾತು, ಅವರು ನಕ್ಕಿದ್ದು ಅದಕ್ಕೇ ಇರಬೇಕು! ಎಚ್ಚರ ತಪ್ಪುವ ಈ ಅರ್ಥ 1915ರ ಹೊತ್ತಿಗೆ ಬರಹದಲ್ಲಿ ಕಾಣುತ್ತದೆ. ಅದಕ್ಕೂ ಸ್ವಲ್ಪ ಮುಂಚೆ, 19ನೇ ಶತಮಾನದ ಕೊನೆಗೆ, ‘ಸತ್ತ’ ಅನ್ನುವುದಕ್ಕೂ ಇದನ್ನೇ ಬಳಸಿದ್ದಾರೆ. ಈ ಲೋಕದಿಂದ ಆಚೆ ಹೋದ ಅಂತ. ನಾವೂ ‘ಸತ್ತರು’ ಅನ್ನೋಕೆ ಬಾಯಿ ಬಾರದೆ ‘ಹೋಗಿಬಿಟ್ರು’ ಅಂತೀವಿ, ಅಲ್ವಾ?

ಇಷ್ಟಕ್ಕೇ ಮುಗಿಯಲ್ಲ. ಅಮೆರಿಕದಲ್ಲಿ ಹಂಚುವುದಕ್ಕೂ ‘ಪಾಸ್ ಔಟ್’ ಅಂತಾರೆ. ಅಂದರೆ ಪರೀಕ್ಷೆ ಹಾಲ್‌ನಲ್ಲಿ ಮೇಷ್ಟ್ರು ಪ್ರಶ್ನೆಪತ್ರಿಕೆ ಹಂಚಿದರೂ ಪಾಸ್ ಔಟ್, ಅದನ್ನು ನೋಡಿ ಹುಡುಗ ತಲೆ ಸುತ್ತಿ ಬಿದ್ದರೂ ಪಾಸ್ ಔಟ್, ಅವನೇ ಎದ್ದು ಬರೆದು ಡಿಗ್ರಿ ಹಿಡಿದು ಹೊರಗೆ ಬಂದರೆ ನಮ್ಮ ದಾವಣಗೆರೆಯಲ್ಲಿ ಅದೂ ಪಾಸ್ ಔಟೇ.

ಪ್ರಶ್ನೆ: ನನ್ನ ಮಗ ಐಮಂಗಲದ ಪೊಲೀಸ್ ತರಬೇತಿ ಶಾಲೆಯಲ್ಲಿದ್ದಾನೆ. ಅಲ್ಲಿ ಕೊನೆಗೆ ‘ಪಾಸಿಂಗ್ ಔಟ್ ಪರೇಡ್’ ಇರುತ್ತದಂತೆ. ಈ ಹೆಸರು ಎಲ್ಲಿಂದ ಬಂತು? ಬಿಸಿಲಲ್ಲಿ ನಿಂತು ಹುಡುಗರು ಬೀಳ್ತಾರೆ ಅಂತಾನಾ?
– ಓದುಗರು, ಹಿರಿಯೂರು

ಉತ್ತರ: ಹಿರಿಯೂರಿನ ಬಿಸಿಲಿಗೆ ಬಿದ್ದರೂ ಆಶ್ಚರ್ಯವಿಲ್ಲ ಬಿಡಿ. ಆದರೆ ಹೆಸರು ಬಂದದ್ದು ಹಾಗಲ್ಲ. ಬ್ರಿಟಿಷ್ ಇಂಗ್ಲಿಷಿನಲ್ಲಿ ಸೈನ್ಯ, ಪೊಲೀಸ್ ತರಬೇತಿ ಮುಗಿಸಿ ಹೊರಬೀಳುವುದಕ್ಕೆ ‘ಪಾಸ್ ಔಟ್’ ಅನ್ನುತ್ತಾರೆ. ನಮ್ಮ ಪೇಪರ್‌ಗಳು ‘ನಿರ್ಗಮನ ಪಥಸಂಚಲನ’ ಅಂತ ಬರೆಯೋದು ಇದನ್ನೇ. ಶಬ್ದ ಸ್ವಲ್ಪ ಭಾರ, ಆದರೆ ಅರ್ಥ ಸರಿಯಾಗಿದೆ.

‘ಪಾಸ್’ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಅದರ ಬೇರು ಲ್ಯಾಟಿನ್ನಿನ ‘ಪಾಸುಸ್’, ಅಂದರೆ ಹೆಜ್ಜೆ. ಹೆಜ್ಜೆ ಹಾಕಿ ದಾಟುವುದೇ ಪಾಸ್. 1932ರಲ್ಲಿ ಶುರುವಾದ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ಪರೇಡ್ ಮುಗಿದ ಮೇಲೆ ಕೆಡೆಟ್‌ಗಳು ಸಾಲಾಗಿ ಮೆಟ್ಟಿಲೇರಿ ‘ಅಂತಿಮ್ ಪಗ್’ ದಾಟಿದರೆ ಅಧಿಕಾರಿಗಳಾದರು ಅಂತ ಲೆಕ್ಕ. ‘ಪಗ್’ ಅಂದರೂ ಹೆಜ್ಜೆಯೇ. ಲ್ಯಾಟಿನ್ ನೋಡಿ ಇಟ್ಟ ಹೆಸರೇನೂ ಅಲ್ಲ, ಸುಮ್ನೆ ಹಾಗೆ ಕೂಡಿ ಬಂದಿದೆ.

ಸೈನ್ಯ, ಪೊಲೀಸಿನ ಈ ಮಾತನ್ನು ನಾವು ಕಾಲೇಜಿಗೂ ಹಚ್ಚಿಕೊಂಡೆವು. ಈಗ ‘ನಿಂದು ಯಾವ ಪಾಸೌಟು?’ ಅಂದರೆ ಇಸವಿ ಕೇಳಿದ ಹಾಗೆ. ನೌಕರಿ ಜಾಹೀರಾತಿನಲ್ಲೂ ‘2024 ಪಾಸೌಟ್ ಮಾತ್ರ’ ಅಂತ ಇರುತ್ತದೆ. ಇದನ್ನು ಕೆಟ್ಟ ಇಂಗ್ಲಿಷ್ ಅಂತ ಬೈಯುವವರಿದ್ದಾರೆ. ನನಗೆ ಅದು ಜಾಸ್ತಿ ಆಯ್ತು ಅನಿಸುತ್ತದೆ. ಇಷ್ಟೊಂದು ಜನಕ್ಕೆ ಗೊಂದಲವಿಲ್ಲದೆ ಅರ್ಥವಾಗುವ ಮಾತು ಹೇಗೆ ಕೆಟ್ಟದ್ದಾಗುತ್ತದೆ?

ವಿದ್ಯಾನಗರದ ತಂಗಿಗೆ ಇನ್ನೊಂದು ಮಾತು. ಹೊರದೇಶದವರ ಮುಂದೆ ‘ಐ ಗ್ರ್ಯಾಜುಯೇಟೆಡ್ ಇನ್ 2023’ ಅನ್ನಿ. ಡಿಪ್ಲೊಮಾ, ಐಟಿಐ ಆಗಿದ್ದರೆ ‘ಕಂಪ್ಲೀಟೆಡ್’ ಸಾಕು. ರೆಸ್ಯೂಮೆಯಲ್ಲೂ ಹಾಗೇ ತಿದ್ದಿಬಿಡಿ. ಊರಲ್ಲಿ ಗೆಳತಿಯರ ಹತ್ತಿರ ಏನೂ ಬದಲಾಯಿಸಬೇಕಿಲ್ಲ. ಅಲ್ಲಿ ನೀವು ಗ್ರ್ಯಾಜುಯೇಟೆಡ್ ಅಂದರೆ ಅವರು ನಗಬಹುದು.