ಮರುದಿನ ಏನಾಯಿತು ಎಂದು ಬರೆಯಿರಿ

ನಮಸ್ಕಾರ.

‘ಹೆಲಿಕಾಪ್ಟರ್ ಹಾರಾಟದಲ್ಲಿ ಸುರಕ್ಷತಾ ಸಂಸ್ಕೃತಿ ಕಟ್ಟುವುದು ಹೇಗೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹೊಗಳಿಕೆಯ ನಡುವೆ ಈ ಮಾತನ್ನು ಬಚ್ಚಿಟ್ಟರೆ ನಿಮಗೆ ಉಪಯೋಗವಿಲ್ಲ, ಅದಕ್ಕೇ ಮೊದಲೇ ಹೇಳಿದೆ. ಆದರೆ ಲೇಖನವನ್ನು ಬಿಟ್ಟುಬಿಡಬೇಡಿ. ಕೊನೆಯ ಭಾಗದಲ್ಲಿ ನೀವು ಅವಸರದಲ್ಲಿ ದಾಟಿಹೋದ ಐದು ಸಾಲುಗಳಿವೆ. ನೀವು ನಿಜವಾಗಿ ಬರೆಯಬೇಕಾದ ಲೇಖನ ಆ ಐದು ಸಾಲುಗಳಲ್ಲಿದೆ.

ರಾತ್ರಿ ಪಾಳಿಯ ತಂತ್ರಜ್ಞರೊಬ್ಬರು ಕೆಲಸ ಮುಗಿಸಿ ಉಪಕರಣಗಳನ್ನು ಎಣಿಸುತ್ತಾರೆ. ಒಂದು ಸ್ಪ್ಯಾನರ್ ಕಡಿಮೆ, ಅದು ಹೆಲಿಕಾಪ್ಟರಿನೊಳಗೇ ಉಳಿದಿರಬಹುದು. ಬೆಳಗಿನ ಹಾರಾಟ ನಿಲ್ಲಿಸಿ ಎಂದು ಹೇಳುತ್ತಾರೆ. ಮುಚ್ಚಿದ್ದ ಕವರ್‌ಗಳನ್ನೆಲ್ಲ ಮತ್ತೆ ಬಿಚ್ಚಿ ಹುಡುಕುತ್ತಾರೆ. ಕೊನೆಗೆ ಸ್ಪ್ಯಾನರ್ ಸಿಕ್ಕಿದ್ದು ಬೇರೊಬ್ಬರ ಪೆಟ್ಟಿಗೆಯಲ್ಲಿ. ಇಷ್ಟು ಬರೆದು ನೀವು, ‘ಹೀಗೆ ಸುರಕ್ಷತೆಗೆ ಪ್ರಥಮ ಆದ್ಯತೆ ನೀಡಲಾಯಿತು’ ಎಂದು ಮುಗಿಸಿ ಮುಂದಿನ ಉಪಶೀರ್ಷಿಕೆಗೆ ಹೋಗಿದ್ದೀರಿ.

ಓದುಗ ಅಲ್ಲೇ ನಿಮ್ಮ ಕೈ ಹಿಡಿದು ನಿಲ್ಲಿಸುತ್ತಾನೆ. ಮರುದಿನ ಆ ತಂತ್ರಜ್ಞರಿಗೆ ಏನಾಯಿತು? ವ್ಯವಸ್ಥಾಪಕರು ಬಂದು ‘ಒಳ್ಳೆಯದು ಮಾಡಿದಿರಿ’ ಎಂದರೇ? ಅಥವಾ ‘ಮೊದಲು ಎಲ್ಲರ ಪೆಟ್ಟಿಗೆ ನೋಡಬಾರದಿತ್ತೇ’ ಎಂದು ಗೊಣಗಿದರೇ? ರದ್ದಾದ ಹಾರಾಟದ ನಷ್ಟದ ಮಾತು ಯಾರ ಬಾಯಲ್ಲಿ ಬಂತು? ಮುಂದೊಂದು ದಿನ ಮತ್ತೊಂದು ಉಪಕರಣ ಕಾಣೆಯಾದಾಗ ಅದೇ ವ್ಯಕ್ತಿ ಬಾಯಿ ತೆರೆಯುತ್ತಾರೆಯೇ? ಅಪಾಯ ನಿಜವಾಗಿಯೂ ಇದ್ದಾಗ ಎಚ್ಚರಿಸಿದವರನ್ನು ಯಾವ ಸಂಸ್ಥೆಯಾದರೂ ಸನ್ಮಾನಿಸುತ್ತದೆ. ಎಚ್ಚರಿಕೆ ಹುಸಿಯಾದಾಗಲೂ ಎಚ್ಚರಿಸಿದವರ ಮರ್ಯಾದೆ ಉಳಿಯುತ್ತದೆಯೇ ಎಂಬಲ್ಲೇ ಸಂಸ್ಥೆಯ ಸಂಸ್ಕೃತಿ ಕಾಣುತ್ತದೆ. ಇಂಥ ಘಟನೆ ನಿಮ್ಮ ಕೈಯಲ್ಲಿದೆ. ನೀವೇ ಹೆಲಿಕಾಪ್ಟರ್ ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರ್‌ನಲ್ಲಿ ಕೆಲಸ ಮಾಡಿದವರು ಎಂದು ಪತ್ರದಲ್ಲಿ ಬರೆದಿದ್ದೀರಿ. ಆದರೂ ಲೇಖನದ ಬಹುಪಾಲನ್ನು ಕೈಪಿಡಿಗೆ ಬಿಟ್ಟುಕೊಟ್ಟಿದ್ದೀರಿ.

ಕೈಪಿಡಿಯ ಭಾಗದಲ್ಲಿ ತಪ್ಪುಗಳಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರಲ್ಲಿ ಜಾರಿಗೆ ತಂದ, ಸುರಕ್ಷತಾ ನಿರ್ವಹಣೆ ಕುರಿತ 19ನೇ ಅನುಬಂಧ, ಅದು ಹೇಳುವ ಸುರಕ್ಷತಾ ನಿರ್ವಹಣಾ ವ್ಯವಸ್ಥೆಯ ನಾಲ್ಕು ಅಂಗಗಳಾದ ಸುರಕ್ಷತಾ ನೀತಿ, ಅಪಾಯ ನಿರ್ವಹಣೆ, ಸುರಕ್ಷತಾ ಖಾತರಿ, ಸುರಕ್ಷತಾ ಪ್ರಚಾರ ಎಲ್ಲವೂ ಸರಿಯಾಗಿವೆ. ಅಮೆರಿಕದ ವಿಮಾನಯಾನ ಆಡಳಿತ 2024ರ ನಿಯಮದಲ್ಲಿ ಬಾಡಿಗೆ ಹಾರಾಟದ ಸಂಸ್ಥೆಗಳಿಗೂ ವಿಹಾರ ಹಾರಾಟದವರಿಗೂ ಈ ವ್ಯವಸ್ಥೆಯನ್ನು ಕಡ್ಡಾಯ ಮಾಡಿ, 2027ರ ಮೇ ತಿಂಗಳವರೆಗೆ ಕಾಲಾವಕಾಶ ಕೊಟ್ಟಿರುವುದನ್ನೂ ಹೇಳಿದ್ದೀರಿ. ಇವೆಲ್ಲಕ್ಕೂ ಒಂದು ಪ್ಯಾರಾ ಸಾಕು, ಆರು ಪುಟ ಬೇಡ. ನಿಯಮ ಗೊತ್ತಿದ್ದವರು ಅದನ್ನು ಮತ್ತೆ ಓದುವುದಿಲ್ಲ, ಗೊತ್ತಿಲ್ಲದವರು ಅಷ್ಟು ದೂರ ಬರುವುದಿಲ್ಲ.

ಆ ಪುಟಗಳಲ್ಲಿ ಕಾಣುವ ಇನ್ನೊಂದು ತೊಂದರೆ ವಾಕ್ಯಗಳದ್ದು. ‘ವರದಿ ಮಾಡತಕ್ಕದ್ದು’, ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುತ್ತದೆ’. ಯಾರು? ಯಾರಿಗೆ? ಎಷ್ಟು ದಿನದೊಳಗೆ? ಕರ್ತೃವಿಲ್ಲದ ವಾಕ್ಯ ನಿಮ್ಮ ವಿಷಯಕ್ಕೇ ವಿರುದ್ಧ. ಸುರಕ್ಷತಾ ವ್ಯವಸ್ಥೆ ಕುಸಿಯುವುದೇ ಕೆಲಸಕ್ಕೆ ಯಾರ ಹೆಸರೂ ಅಂಟದೆ ಇದ್ದಾಗ. ‘ವರದಿ ಬಂದ ವಾರದೊಳಗೆ ಸುರಕ್ಷತಾಧಿಕಾರಿ ಬರೆದವರ ಬಳಿ ಹೋಗಿ, ಏನು ಮಾಡಿದೆವು, ಏನು ಮಾಡಲಿಲ್ಲ, ಯಾಕೆ ಮಾಡಲಿಲ್ಲ ಎಂದು ಹೇಳುತ್ತಾರೆ’ ಎಂದು ಬರೆದು ನೋಡಿ. ವಾಕ್ಯಕ್ಕೆ ಜೀವ ಬರುತ್ತದೆ. ಅದು ನಿಜವೋ ಅಲ್ಲವೋ ಎಂದು ಪರೀಕ್ಷಿಸಲೂ ಬರುತ್ತದೆ.

ಇನ್ನು ದೊಡ್ಡ ಆಕ್ಷೇಪ. ನೀವು ವರ್ಣಿಸಿರುವುದು ದೊಡ್ಡ ವಿಮಾನ ಕಂಪನಿಯ ವ್ಯವಸ್ಥೆಯನ್ನು. ಸುರಕ್ಷತಾ ಮಂಡಳಿ, ಉಪಸಮಿತಿ, ದತ್ತಾಂಶ ವಿಶ್ಲೇಷಣಾ ವಿಭಾಗ, ಅನಾಮಧೇಯ ವರದಿ ಪೆಟ್ಟಿಗೆ. ಹೆಲಿಕಾಪ್ಟರ್ ಲೋಕದಲ್ಲಿ ಬಹಳಷ್ಟು ಸಂಸ್ಥೆಗಳು ತೀರ ಸಣ್ಣವು. ಎರಡೋ ಮೂರೋ ಹೆಲಿಕಾಪ್ಟರ್, ಕೈಬೆರಳೆಣಿಕೆಯ ಜನ. ಮಾಲೀಕರೇ ಮುಖ್ಯ ಪೈಲಟ್ ಆಗಿರುತ್ತಾರೆ, ಸುರಕ್ಷತಾಧಿಕಾರಿಯೂ ಅವರೇ ಆಗಿರಬಹುದು. ಆರು ಜನರಿರುವ ಹ್ಯಾಂಗರ್‌ನಲ್ಲಿ ಅನಾಮಧೇಯ ಪೆಟ್ಟಿಗೆ ಇಟ್ಟರೆ ಕೈಬರಹ ನೋಡಿದೊಡನೆ ಬರೆದವರು ಯಾರೆಂದು ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಬರೆದರೂ ಗೊತ್ತಾಗುತ್ತದೆ, ಆ ದಿನ ಆ ಹೆಲಿಕಾಪ್ಟರ್ ಹತ್ತಿರ ಇದ್ದವರೇ ಇಬ್ಬರು. ಹಾಗಾದರೆ ಹೆಸರು ಗೊತ್ತಾಗಿಯೂ ಜನ ವರದಿ ಬರೆಯುವಂತಾಗುವುದು ಹೇಗೆ? ಈ ಪ್ರಶ್ನೆಯನ್ನು ನೀವು ಎತ್ತಿಯೇ ಇಲ್ಲ, ನಿಮ್ಮ ಓದುಗರಿಗೆ ಬೇಕಿರುವುದು ಅದೇ.

ಹಾರಾಟದ ಸ್ವರೂಪವೂ ಬೇರೆ. ದೊಡ್ಡ ವಿಮಾನ ರನ್‌ವೇಯಿಂದ ರನ್‌ವೇಗೆ ಹಾರುತ್ತದೆ, ಕಾಕ್‌ಪಿಟ್‌ನಲ್ಲಿ ಇಬ್ಬರು, ನೆಲದಲ್ಲಿ ಹಾರಾಟ ಯೋಜಿಸುವವರು ಇರುತ್ತಾರೆ. ಹೆಲಿಕಾಪ್ಟರ್ ತಗ್ಗಿನಲ್ಲಿ, ತಂತಿ, ಗುಡ್ಡ, ಮಂಜುಗಳ ನಡುವೆ ಹಾರಿ, ಯಾರೂ ಅಳತೆ ಮಾಡದ ಜಾಗದಲ್ಲಿ ಇಳಿಯುತ್ತದೆ. ಎಷ್ಟೋ ಸಲ ಪೈಲಟ್ ಒಬ್ಬರೇ. ಕಾಯುತ್ತಿರುವವರು ರೋಗಿಯೋ ದಾರಿ ತಪ್ಪಿದವರೋ ಆಗಿದ್ದರೆ ‘ಆಗುವುದಿಲ್ಲ’ ಎನ್ನುವ ಮಾತು ಗಂಟಲಲ್ಲೇ ಉಳಿಯುತ್ತದೆ. ಏರ್ ಆಂಬ್ಯುಲೆನ್ಸ್ ಸೇವೆಗಳಲ್ಲಿ ರೋಗಿಯ ಸ್ಥಿತಿಯನ್ನು ಪೈಲಟ್‌ಗೆ ಹೇಳದೆ, ಹವಾಮಾನವನ್ನು ಮಾತ್ರ ನೋಡಿ ‘ಹೋಗಬಹುದು’ ಅಥವಾ ‘ಬೇಡ’ ಎಂದು ತೀರ್ಮಾನಿಸಲು ಬಿಡುವ ಪದ್ಧತಿ ಬಂದಿರುವುದು ಇದಕ್ಕೇ. ವೈದ್ಯಕೀಯ ಸಿಬ್ಬಂದಿಯಲ್ಲಿ ಒಬ್ಬರು ಬೇಡವೆಂದರೂ ಹಾರಾಟ ನಿಲ್ಲಬೇಕು ಎಂಬ ಕಟ್ಟಳೆಯೂ ಹಾಗೇ ಬಂತು. ಮನುಷ್ಯರ ಕರುಣೆಯನ್ನು ಅರಿತು ಮಾಡಿದ ಇಂಥ ಏರ್ಪಾಡುಗಳು ನಿಮ್ಮ ಲೇಖನದಲ್ಲಿ ಒಂದೂ ಇಲ್ಲದಿರುವುದು ನನಗೆ ಬೇಸರ ತಂದಿತು.

ನೀವು ಆರಿಸಿಕೊಂಡ ಅಪಘಾತ 2020ರ ಜನವರಿ 26ರ, ಅಮೆರಿಕದ ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್‌ನದು. ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಸೇರಿ 9 ಮಂದಿ ಸತ್ತ ಘಟನೆ. ಆಟಗಾರನ ಜೀವನದ ಬಗ್ಗೆ ಎರಡು ಪುಟ ಬರೆದು, ‘ಪೈಲಟ್‌ನ ತಪ್ಪು ನಿರ್ಧಾರವೇ ಕಾರಣ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಅಲ್ಲಿಗೆ ನಿಲ್ಲುವುದಿಲ್ಲ. ಸುತ್ತಲಿನದು ಕಣ್ಣಿಗೆ ಕಾಣುವ ಹವೆಯಲ್ಲಿ ಮಾತ್ರ ಹಾರುವ ನಿಯಮದಡಿ ಹೊರಟ ಪೈಲಟ್ ಮೋಡದೊಳಕ್ಕೆ ಮುಂದುವರಿದು ದಿಕ್ಕುಗೆಟ್ಟದ್ದು ಕಾರಣವೆಂದು ಹೇಳಿದ ಮೇಲೆ, ಪೈಲಟ್ ತನ್ನ ಮೇಲೆ ತಾನೇ ಹೇರಿಕೊಂಡಿರಬಹುದಾದ ಒತ್ತಡವನ್ನೂ, ಹೆಲಿಕಾಪ್ಟರ್ ನಡೆಸುತ್ತಿದ್ದ ಸಂಸ್ಥೆ ತನ್ನ ಸುರಕ್ಷತಾ ಪ್ರಕ್ರಿಯೆಗಳನ್ನು ಸರಿಯಾಗಿ ಪರಿಶೀಲಿಸದೆ ಇದ್ದುದನ್ನೂ ಅದು ಎತ್ತಿ ಹೇಳಿತು. ಆ ಸಂಸ್ಥೆ ಯಾರ ಒತ್ತಾಯವೂ ಇಲ್ಲದೆ ಸುರಕ್ಷತಾ ನಿರ್ವಹಣಾ ವ್ಯವಸ್ಥೆಯನ್ನು ತಂದುಕೊಂಡಿತ್ತು. ಹಾರಾಟದ ಅಪಾಯವನ್ನು ಅಂಕಗಳಲ್ಲಿ ಲೆಕ್ಕ ಹಾಕುವ ಫಾರಂ ಇತ್ತು. ಪೈಲಟ್ ಅದನ್ನು ಬೆಳಿಗ್ಗೆ ತುಂಬಿಯೂ ಇದ್ದರು. ಹೊರಡುವ ಹೊತ್ತಿಗೆ ಬಂದಿದ್ದ ಹವಾಮಾನ ಮಾಹಿತಿಯಿಟ್ಟು ಅದನ್ನೇ ಮತ್ತೆ ತುಂಬಿದ್ದರೆ, ಮೇಲಧಿಕಾರಿಯ ಜೊತೆ ಮಾತಾಡಬೇಕಾದ, ಬದಲಿ ಯೋಜನೆ ಇಟ್ಟುಕೊಳ್ಳಬೇಕಾದ ಮಟ್ಟಕ್ಕೆ ಅಂಕ ಏರುತ್ತಿತ್ತು. ಫಾರಂ ಇದ್ದೂ ಆ ಮಾತುಕತೆ ನಡೆಯಲಿಲ್ಲ. ನಿಮ್ಮ ವಿಷಯಕ್ಕೆ ಬೇಕಾದ ಸಂಗತಿ ಇದು. ಆಟಗಾರನ ಎರಡು ಪುಟ ತೆಗೆದು ಇಲ್ಲಿ ನಿಲ್ಲಿ.

ಇದಕ್ಕಿಂತ ನಿಮಗೆ ಹತ್ತಿರವಾಗುವ ಪ್ರಕರಣ ಅಲಾಸ್ಕದ್ದು. 2013ರ ಮಾರ್ಚ್ 30ರ ರಾತ್ರಿ, ಟಾಕೀಟ್ನಾ ಬಳಿ ಹಿಮದಲ್ಲಿ ಸಿಕ್ಕಿಬಿದ್ದ ಒಬ್ಬರನ್ನು ಕರೆತರಲು ಹೋದ, ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯ ಹೆಲಿಕಾಪ್ಟರ್ ಮರಳುವಾಗ ಬಿದ್ದು ಪೈಲಟ್, ಪೊಲೀಸ್ ಸಿಬ್ಬಂದಿ, ರಕ್ಷಣೆಗೊಳಗಾದವರು ಮೂವರೂ ಸತ್ತರು. ಹದಗೆಟ್ಟ ಹವೆಯಲ್ಲಿ ಮುಂದುವರಿದ ನಿರ್ಧಾರದ ಜೊತೆಗೆ ಇಲಾಖೆಯ ‘ದಂಡಿಸುವ ಸಂಸ್ಕೃತಿ’ಯನ್ನೂ ತನಿಖಾ ಮಂಡಳಿ ಕಾರಣಗಳಲ್ಲಿ ಸೇರಿಸಿತು. ಅದೇ ಪೈಲಟ್‌ಗೆ 2006ರಲ್ಲಿ ಒಂದು ಅಪಘಾತವಾಗಿತ್ತು. ಇಲಾಖೆ ಆಗ ನಡೆಸಿದ ವಿಚಾರಣೆ ಪೈಲಟ್‌ನ ತಪ್ಪು ಹುಡುಕುವುದರಲ್ಲೇ ನಿಂತಿತು. ತರಬೇತಿ ಹೇಗಿದೆ, ರಾತ್ರಿ ಹಾರಾಟಕ್ಕೆ ಮಿತಿ ಯಾವುದು, ‘ಹೋಗು’ ಎನ್ನುವ ಮುನ್ನ ಯಾರಾದರೂ ಅವರ ಜೊತೆ ಕೂತು ಯೋಚಿಸುತ್ತಾರೆಯೇ ಎಂಬತ್ತ ತಿರುಗಲಿಲ್ಲ. ಮೊದಲ ಘಟನೆಯ ಮರುದಿನದಿಂದ ಎರಡನೆಯ ಘಟನೆಯ ರಾತ್ರಿಯವರೆಗೆ ಒಂದು ಎಳೆ ಎಳೆದು ನೋಡಿ. ನಿಮ್ಮ ಸ್ಪ್ಯಾನರ್ ಪ್ರಸಂಗದ ಪಕ್ಕದಲ್ಲಿ ಅದನ್ನು ಇಟ್ಟರೆ ಲೇಖನ ತಾನಾಗಿ ಮಾತಾಡುತ್ತದೆ.

ಮೂರನೆಯದು, ಹೇಳಿಯೂ ಕೇಳಿಸದೆ ಹೋದ ಕಥೆ. 2018ರ ಮಾರ್ಚ್ 11ರಂದು ನ್ಯೂಯಾರ್ಕಿನ ಈಸ್ಟ್ ನದಿಗೆ ಇಳಿದ ವಿಹಾರ ಹೆಲಿಕಾಪ್ಟರ್ ಮಗುಚಿಕೊಂಡಿತು. ಬಾಗಿಲು ತೆಗೆದು ಫೋಟೋ ತೆಗೆಸುವ ಹಾರಾಟ ಅದು. ಮುಂದಿನ ಸೀಟಿನ ಪ್ರಯಾಣಿಕರು ಕೆಳಗೆ ಬೀಳದಂತೆ ಕಟ್ಟಿದ್ದ ಬಿಗಿಪಟ್ಟಿ ನೆಲದಲ್ಲಿದ್ದ ಇಂಧನ ನಿಲ್ಲಿಸುವ ಹಿಡಿಕೆಗೆ ಸಿಕ್ಕಿ ಎಂಜಿನ್ ನಿಂತಿತು. ಪೈಲಟ್ ಹೊರಬಂದರು. ಬೆನ್ನ ಹಿಂದೆ ಕೊಂಡಿ ಹಾಕಿದ್ದ ಬಿಗಿಪಟ್ಟಿಯನ್ನು ಬಿಡಿಸಿಕೊಳ್ಳಲಾಗದೆ 5 ಪ್ರಯಾಣಿಕರೂ ಮುಳುಗಿದರು. ಆ ಬಿಗಿಪಟ್ಟಿಯ ಬಗ್ಗೆ ಅಲ್ಲಿನ ಪೈಲಟ್‌ಗಳು ಅದಕ್ಕೂ ತಿಂಗಳುಗಳ ಹಿಂದೆಯೇ ಇಮೇಲ್‌ನಲ್ಲಿ ಆತಂಕ ತಿಳಿಸಿದ್ದರು, ಬೇರೆ ಬಗೆಯದನ್ನು ಕೇಳಿದ್ದರು. ಅದಕ್ಕೆ ಬೆಲೆ ಸಿಗಲಿಲ್ಲ. ‘ವರದಿ ಬಂದರೆ ಅರ್ಧ ಗೆದ್ದಂತೆ’ ಎಂದು ನೀವು ಬರೆದಿದ್ದೀರಿ. ಇದನ್ನು ಓದಿದ ಮೇಲೆ ಆ ಸಾಲನ್ನು ಉಳಿಸಿಕೊಳ್ಳಲು ನಿಮಗೇ ಮನಸ್ಸಾಗದು. ಇಲ್ಲಿ ವರದಿ ಬಂದಿತ್ತು.

ಒಂದು ಕಡೆ ನೀವು ಪೂರ್ತಿ ದಾರಿ ತಪ್ಪಿದ್ದೀರಿ. ‘ನ್ಯಾಯಯುತ ಸಂಸ್ಕೃತಿಯಲ್ಲಿ ಯಾರಿಗೂ ಶಿಕ್ಷೆ ಇರುವುದಿಲ್ಲ’ ಎಂಬ ಮಾತು ಸರಿಯಲ್ಲ. ಸಂಸ್ಥೆಗಳ ಅಪಘಾತಗಳ ಬಗ್ಗೆ ಆಳವಾಗಿ ಬರೆದ ಜೇಮ್ಸ್ ರೀಸನ್ ಹೇಳಿದ್ದೂ ಅದಲ್ಲ. ಕೈತಪ್ಪಿ ಆದ ತಪ್ಪು, ಎಲ್ಲರೂ ಮಾಡುತ್ತಿದ್ದ ಅಡ್ಡದಾರಿ, ಗೊತ್ತಿದ್ದೂ ಮಾಡಿದ ಅಪಾಯಕಾರಿ ಕೆಲಸ ಇವು ಮೂರೂ ಬೇರೆ ಬೇರೆ. ಎಣಿಕೆ ತಪ್ಪಿ ಉಪಕರಣ ಬಿಟ್ಟವರನ್ನು ಶಿಕ್ಷಿಸಿದರೆ ಮುಂದಿನ ಸಲ ಅವರು ಬಚ್ಚಿಡುತ್ತಾರೆ. ಮಾಡದ ಪರೀಕ್ಷೆಗೆ ‘ಮಾಡಿದೆ’ ಎಂದು ಸಹಿ ಹಾಕಿದವರನ್ನು ಸುಮ್ಮನೆ ಬಿಟ್ಟರೆ, ಪ್ರಾಮಾಣಿಕವಾಗಿ ದುಡಿಯುವವರು ನಂಬಿಕೆ ಕಳೆದುಕೊಳ್ಳುತ್ತಾರೆ. ಗೆರೆ ಎಲ್ಲಿದೆ, ಅದನ್ನು ಎಳೆಯುವವರು ಯಾರು ಎಂಬುದು ಘಟನೆಗೆ ಮುಂಚೆಯೇ ಎಲ್ಲರಿಗೂ ಗೊತ್ತಿರಬೇಕು. ಈ ಭಾಗಕ್ಕೆ ಸಮಯ ಕೊಡಿ. ಅವಸರಪಟ್ಟರೆ ಹ್ಯಾಂಗರ್‌ನಲ್ಲಿ ದುಡಿದ ಓದುಗರು ಇಲ್ಲೇ ನಿಮ್ಮನ್ನು ಬಿಟ್ಟುಹೋಗುತ್ತಾರೆ.

ಅಂಕಿಗಳ ಬಗ್ಗೆ ಎರಡು ಮಾತು. ಮೋಡ ಹೊಕ್ಕ ಪೈಲಟ್‌ಗೆ 178 ಸೆಕೆಂಡ್ ಆಯುಸ್ಸು ಎಂದು ಬರೆದಿದ್ದೀರಿ. ಅದು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಸಣ್ಣ ವಿಮಾನದಲ್ಲಿ, ಹೊರಗೆ ನೋಡದೆ ಮಾಪಕಗಳನ್ನು ನೋಡಿ ಹಾರುವ ತರಬೇತಿಯಿಲ್ಲದವರ ಮೇಲೆ ನಡೆಸಿದ ಪ್ರಯೋಗದ ಸರಾಸರಿ. ಹೆಲಿಕಾಪ್ಟರಿಗೆ ಹಾಗೇ ಅಂಟಿಸಬೇಡಿ. ಸ್ವಯಂನಿಯಂತ್ರಣ ಇಲ್ಲದ ಹೆಲಿಕಾಪ್ಟರ್ ಅಂಥ ವಿಮಾನಕ್ಕಿಂತ ಅಸ್ಥಿರ, ಆದ್ದರಿಂದ ನಿಮ್ಮ ವಾದಕ್ಕೆ ಆ ಅಂಕಿಯ ಊರುಗೋಲೇ ಬೇಡ. ಹತ್ತು ವರ್ಷಗಳಲ್ಲಿ ಅಪಘಾತಗಳನ್ನು ಶೇ 80ರಷ್ಟು ಇಳಿಸುವ ಅಂತರರಾಷ್ಟ್ರೀಯ ಹೆಲಿಕಾಪ್ಟರ್ ಸುರಕ್ಷತಾ ತಂಡದ ಗುರಿ 2016ಕ್ಕೆ ಈಡೇರಿತು ಎಂದಿದ್ದೀರಿ. ಅಪಘಾತಗಳು ಇಳಿದದ್ದು ನಿಜ, ಗುರಿ ಮುಟ್ಟಲಿಲ್ಲ.

ಅಪಾಯ ಲೆಕ್ಕದ ಫಾರಂ ಕುರಿತ ನಿಮ್ಮ ಪ್ಯಾರಾ ಚೆನ್ನಾಗಿದೆ. ಒಟ್ಟು ಅಂಕ ‘ಅಪಾಯ ಕಡಿಮೆ’ ಎನ್ನುವ ಹಸಿರು ಪಟ್ಟಿಯಲ್ಲೇ ಉಳಿಯುವಂತೆ ಜನ ಒಂದೊಂದು ಉತ್ತರವನ್ನು ಸ್ವಲ್ಪ ಸ್ವಲ್ಪ ಬಾಗಿಸುತ್ತಾರೆ ಎಂಬುದು ಕಂಡವರಿಗೆ ಮಾತ್ರ ಗೊತ್ತಿರುವ ಸತ್ಯ. ಅದನ್ನು ಕ್ಯಾಲಬಾಸಸ್ ಪ್ರಕರಣದ ಪಕ್ಕಕ್ಕೆ ತನ್ನಿ. ಜೊತೆಗೆ, ಹಾರಾಟದ ನಡುವೆ ಹವೆ ಕೆಟ್ಟರೆ ಎಷ್ಟು ಎತ್ತರಕ್ಕೆ ಇಳಿದಾಗ, ಎಷ್ಟು ವೇಗ ತಗ್ಗಿಸಬೇಕಾಗಿ ಬಂದಾಗ ತಿರುಗಬೇಕು ಅಥವಾ ಕಂಡ ಬಯಲಿನಲ್ಲಿ ಇಳಿದುಬಿಡಬೇಕು ಎಂದು ನೆಲದ ಮೇಲಿದ್ದಾಗಲೇ ನಿಗದಿ ಮಾಡಿಕೊಳ್ಳುವ ಪದ್ಧತಿಯನ್ನೂ ಸೇರಿಸಿ. ಎಲ್ಲಿ ಬೇಕಾದರೂ ಇಳಿಯಬಲ್ಲ ಯಂತ್ರದಲ್ಲಿ ಕೂತು ಇಳಿಯದೆ ಸಾಯುವವರಿದ್ದಾರೆ. ಹಾಗೆ ಇಳಿದವರಿಗೆ ಸಂಸ್ಥೆ ಮರುದಿನ ವಾಹನ ಕಳುಹಿಸಿ ಕರೆತರುತ್ತದೆಯೋ, ವಿವರಣೆ ಕೇಳಿ ನೋಟಿಸ್ ಕೊಡುತ್ತದೆಯೋ? ಇಲ್ಲೂ ನಿಮ್ಮ ಪ್ರಶ್ನೆ ಅದೇ ಆಗಲಿ.

ಮರುಬರಹ ಕಳುಹಿಸುವ ಮುನ್ನ ಒಂದು ಕೆಲಸ ಬಾಕಿ ಇದೆ. ಸ್ಪ್ಯಾನರ್ ಪ್ರಸಂಗದ ತಂತ್ರಜ್ಞರಿಗೆ ನೀವು ಇದನ್ನು ಬರೆಯುತ್ತಿರುವುದು ಗೊತ್ತೇ? ಗೊತ್ತಿಲ್ಲದಿದ್ದರೆ ಕೇಳಿ. ಸಂಸ್ಥೆಯ ಹೆಸರು, ಹೆಲಿಕಾಪ್ಟರಿನ ಮಾದರಿ, ತಿಂಗಳು ಇವನ್ನು ತೆಗೆಯಿರಿ. ಇಷ್ಟು ಸಣ್ಣ ಲೋಕದಲ್ಲಿ ಆ ಮೂರು ಸೇರಿದರೆ ಆಸಾಮಿ ಸಿಕ್ಕಿಬಿಡುತ್ತಾರೆ. ಅವರು ಬೇಡವೆಂದರೆ ಪ್ರಸಂಗವನ್ನೇ ಕೈಬಿಟ್ಟು ಬೇರೊಂದನ್ನು ಹುಡುಕೋಣ, ನಾನೂ ಜೊತೆಗಿರುತ್ತೇನೆ. ಒಪ್ಪಿದರೆ, ಮರುದಿನ ತಮಗೆ ಏನೆನಿಸಿತು ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನೀವು ತಿದ್ದಬೇಡಿ. ಪುಟಗಳು ಈಗಿನ ಅರ್ಧದಷ್ಟಿರಲಿ. ಬಂದ ವಾರದೊಳಗೆ ಓದಿ ಉತ್ತರಿಸುತ್ತೇನೆ.