ರೋಲರಿಗೆ ಕೈ ಸಿಕ್ಕಿದೆ, ಓನರ್ ಸೈನ್ ಕೇಳ್ತಿದಾರೆ

ಪ್ರಶ್ನೆ: ಬ್ರೆಡ್ ಫ್ಯಾಕ್ಟರೀಲಿ ಕಾಂಟ್ರಾಕ್ಟ್ ಮೇಲೆ ಕೆಲ್ಸ ಮಾಡ್ತೀನಿ ಸರ್. ಮಿಷನ್ ನಿಲ್ಸಿದ್ರೆ ಲೇಟಾಗತ್ತೆ ಅಂತ ಸೂಪರ್‌ವೈಸರ್ ಓಡ್ತಿರೋ ರೋಲರನ್ನೇ ಒರೆಸೋಕೆ ಹೇಳಿದ್ರು, ಕೈ ಒಳಗೆ ಹೋಗದಂಗೆ ಮಿಷನ್ನಿಗೆ ಹಾಕೋ ಗಾರ್ಡ್ ಅಂತೂ ತುಂಬ ದಿನದಿಂದ ಇರ್ಲೇ ಇಲ್ಲ, ಬಟ್ಟೆ ಸಿಕ್ಕೊಂಡು ಅದ್ರ ಜೊತೆ ಕೈಯೂ ಹೋಗಿ ಎರಡು ಬೆರಳಿನ ತುದಿ ಕಟ್ ಆಯ್ತು. ಈಗ ಓನರ್ 'ತಪ್ಪು ನಿನ್ದೇ, ಆದ್ರೂ ಆಸ್ಪತ್ರೆ ಖರ್ಚು ಕೊಟ್ಟಿದೀನಿ, ಈ ಪೇಪರಿಗೆ ಸೈನ್ ಹಾಕು' ಅಂತಿದಾರೆ. ಹಾಕ್ಲಾ ಬೇಡ್ವಾ?

ಉತ್ತರ: ಸದ್ಯಕ್ಕೆ ಹಾಕ್ಬೇಡಿ. ಇಂಥ ಪೇಪರಲ್ಲಿ ಸಾಮಾನ್ಯವಾಗಿ 'ಇನ್ನು ಮುಂದೆ ಏನೂ ಕೇಳಲ್ಲ' ಅನ್ನೋ ಒಂದು ಸಾಲು ಇರತ್ತೆ, ಅದಕ್ಕೋಸ್ಕರವೇ ಇಷ್ಟು ಅವಸರ. ಬೆರಳಿನ ಗಾಯ ಮೇಲೆ ಮಾಯ್ದ್ರೂ ಹಿಡಿತ ಬರತ್ತಾ, ಸ್ಪರ್ಶ ಬರತ್ತಾ, ಇನ್ನೊಂದು ಆಪರೇಷನ್ ಬೇಕಾಗತ್ತಾ ಅನ್ನೋದು ಗೊತ್ತಾಗೋಕೆ ತಿಂಗಳುಗಟ್ಟಲೆ ಹಿಡಿಯತ್ತೆ, ಶಾಶ್ವತ ನಷ್ಟ ಎಷ್ಟು ಅಂತ ಡಾಕ್ಟರ್ ಬರೆದು ಕೊಡೋದು ಆಮೇಲೆ. ಅದಕ್ಕೂ ಮುಂಚೆ ಸೈನ್ ಹಾಕೋದು ಅಂದ್ರೆ ಬೆಳೆ ಕುಯ್ಯೋ ಮೊದ್ಲೇ ಹೊಲದ ಲೆಕ್ಕ ಚುಕ್ತಾ ಮಾಡ್ದಂಗೆ.

ಇನ್ನು 'ನಿನ್ದೇ ತಪ್ಪು' ಅನ್ನೋ ಮಾತು. ಇದು ಹಳೇ ಅಸ್ತ್ರ. 1884ರಲ್ಲೇ ಜರ್ಮನಿ ಅಪಘಾತ ವಿಮೆ ಕಾನೂನು ಮಾಡ್ತು, ಕೆಲ್ಸದಲ್ಲಿ ಗಾಯ ಆಯ್ತಾ, ಪರಿಹಾರ ಕೊಡಿ, ಯಾರ ತಪ್ಪು ಅಂತ ಹುಡುಕ್ತಾ ಕೂರ್ಬೇಡಿ ಅಂತ. ಆಮೇಲೆ ಬಹಳಷ್ಟು ದೇಶಗಳು ಅದೇ ದಾರಿ ಹಿಡಿದ್ವು. ಕುಡಿದು ಬಂದಿದ್ರೆ, ಬೇಕಂತಲೇ ನಿಯಮ ಮುರಿದಿದ್ರೆ ಎಷ್ಟೋ ಕಡೆ ತೊಂದ್ರೆ ಆಗತ್ತೆ ನಿಜ, ಆದ್ರೆ ಮೇಲಿನವ್ರು ಹೇಳಿದ್ದಕ್ಕೆ ಮಾಡಿದ್ದು ಆ ಲೆಕ್ಕಕ್ಕೆ ಸುಲಭವಾಗಿ ಬರಲ್ಲ. ಗಾರ್ಡ್ ಇಲ್ಲದ ಮಿಷನ್ ಮೇಲೆ ಕೆಲಸಗಾರ್ರನ್ನ ನಿಲ್ಲಿಸ್ಬಾರ್ದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1963ರ 119ನೇ ಒಪ್ಪಂದ ಹೇಳತ್ತೆ. (ಕೆಲಸಗಾರ್ರೂ ಗಾರ್ಡ್ ಕೀಳ್ಬಾರ್ದು ಅಂತಾನೂ ಅದ್ರಲ್ಲಿದೆ, ಹಾಗಾಗಿ ಅದನ್ನ ತೆಗೆದದ್ದು ಯಾರು, ಯಾವಾಗಿಂದ ಇಲ್ಲ ಅನ್ನೋದು ನಿಮ್ಮ ಕೇಸಿನ ಮುಖ್ಯ ಭಾಗ.)

ಆದ್ರಿಂದ ಸಾಕ್ಷಿ ಬೇಗ ಹಿಡ್ಕೊಳ್ಳಿ. ಆಕ್ಸಿಡೆಂಟ್ ಆದ್ಮೇಲೆ ವರ್ಷಗಟ್ಟಲೆ ಇಲ್ಲದ ಗಾರ್ಡ್ ರಾತ್ರೋರಾತ್ರಿ ಬಂದು ಕೂರೋದುಂಟು! ಮಿಷನ್ ಫೋಟೋ ಯಾರ ಹತ್ರ ಆದ್ರೂ ಇದ್ಯಾ ಕೇಳಿ, ಆವತ್ತು ಪಕ್ಕದಲ್ಲಿ ಯಾರಿದ್ರು, ಸೂಪರ್‌ವೈಸರ್ ಏನಂದ್ರು ಅಂತ ಈಗ್ಲೇ ಬರೆದಿಟ್ಕೊಳ್ಳಿ. ಆಸ್ಪತ್ರೆ ಚೀಟಿಯಲ್ಲಿ 'ಮನೇಲಿ ಬಿದ್ದು ಗಾಯ' ಅಂತ ಬರೆಸಿದಾರಾ ನೋಡಿ, ಹಾಗಿದ್ರೆ ಡಾಕ್ಟರಿಗೆ ನಿಜ ಹೇಳಿ ತಿದ್ದೋಕೆ ಕೇಳ್ಕೊಳ್ಳಿ. ಕಾಂಟ್ರಾಕ್ಟರ್ ಓನರನ್ನ ತೋರಿಸ್ತಾರೆ, ಓನರ್ ಕಾಂಟ್ರಾಕ್ಟರನ್ನ ತೋರಿಸ್ತಾರೆ, ನೀವು ಇಬ್ರಿಗೂ ಬರಹದಲ್ಲಿ ತಿಳಿಸಿ ಕಾಪಿ ಇಟ್ಕೊಳ್ಳಿ. ಪರಿಹಾರ ಕೇಳೋಕೆ ಗಡುವು ಇರತ್ತೆ, ಅದು ಒಂದೊಂದು ದೇಶದಲ್ಲಿ ಒಂದೊಂದು ಥರ, ಹಾಗಾಗಿ ಕಾರ್ಮಿಕ ಇಲಾಖೆಗೋ ಯೂನಿಯನ್ನಿಗೋ ಈ ವಾರವೇ ಹೋಗಿ. ಆಸ್ಪತ್ರೆ ಖರ್ಚು ಒಂದೇ ಅಲ್ಲ, ಕೆಲ್ಸಕ್ಕೆ ಹೋಗಕ್ಕಾಗದ ದಿನಗಳ ಹಣ, ಶಾಶ್ವತ ನಷ್ಟದ ಹಣ ಎರಡೂ ಬೇರೆ ಬೇರೆ, ಕೇಳಿ.

ಪ್ರಶ್ನೆ: ಗ್ಲೌಸ್ ಹಾಕಿದ್ರೆ ಇಂಥದ್ದೆಲ್ಲ ತಪ್ಪತ್ತೆ ಅಲ್ವಾ ಸರ್?

ಉತ್ತರ: ಅದು ಯಾವ ಮಿಷನ್, ಓಡ್ತಿದ್ಯಾ ನಿಂತಿದ್ಯಾ ಅನ್ನೋದ್ರ ಮೇಲೆ ಹೋಗತ್ತೆ. ನಿಂತಿರೋ ಸ್ಲೈಸರಿನ ಬ್ಲೇಡ್ ತೊಳೆಯುವಾಗ ಕಟ್ ಆಗದ ಗ್ಲೌಸ್ ಒಳ್ಳೇದು. ತಿರುಗೋ ರೋಲರ್, ಶಾಫ್ಟ್, ಮಿಕ್ಸರ್ ಹತ್ರ ಅದೇ ಗ್ಲೌಸ್ ಸಿಕ್ಕೊಂಡು ಕೈಯನ್ನ ಒಳಗೆಳೆಯತ್ತೆ. ಅಲ್ಲಿ ಬೇಕಿರೋದು ಪವರ್ ಪೂರ್ತಿ ಕಟ್ ಮಾಡಿ, ಸ್ವಿಚ್ಚಿಗೆ ಬೀಗ ಹಾಕಿ, ಕೀ ಕ್ಲೀನ್ ಮಾಡೋವ್ರ ಜೇಬಲ್ಲಿರೋದು. ಆಫ್ ಮಾಡಿದ್ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗ್ತಾನೇ ಇರತ್ತೆ, ಪೂರ್ತಿ ನಿಲ್ಲೋವರೆಗೂ ಕಾಯಿರಿ. ಓಡೋ ಮಿಷನ್‌ಗೇ ಕೈ ಹಾಕು ಅಂದ್ರೆ ಆಗಲ್ಲ ಅನ್ನಿ. ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ಗಂಭೀರ ಅಪಾಯ ಇದೆ ಅಂತ ಸಕಾರಣವಾಗಿ ನಂಬಿ ಹಿಂದೆ ಸರಿದವ್ರಿಗೆ ರಕ್ಷಣೆ ಕೊಡ್ಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದ್ದೇ 1981ರ 155ನೇ ಒಪ್ಪಂದದಲ್ಲಿದೆ.