ಬೆಳಕೂ ಬೇಕು, ಗುಟ್ಟೂ ಉಳಿಯಬೇಕು

ತಮ್ಮಾ,

ನೀನು ಬರೆದದ್ದನ್ನು ಓದಿದೆ. ದಾವಣಗೆರೆಯಿಂದ ಕೆಲಸದ ಮೇಲೆ ಮೇರಿಲ್ಯಾಂಡಿಗೆ ಬಂದು ಎರಡು ತಿಂಗಳಾಯಿತು, ಇಲ್ಲಿನ ಸನ್ನೆ ಭಾಷೆ ಇನ್ನೂ ಅರ್ಧಂಬರ್ಧ, ನನ್ನ ಹಾಗೇ ಕಿವುಡರಾದ ಗೆಳೆಯರು ಒಬ್ಬಿಬ್ಬರು ಸಿಕ್ಕಿದ್ದಾರೆ, ಆಸ್ಪತ್ರೆಗೆ ಹೋದರೆ ಹೇಗೆ ಎಂಬ ಚಿಂತೆಯೂ ಇದೆ. ಆದರೆ ಹುಡುಗರ ಮೇಲೇ ಮನಸ್ಸು ಎಂಬುದನ್ನು ಯಾರಿಗೂ ಹೇಳಿಲ್ಲ. ಆ ಗೆಳೆಯರಲ್ಲೊಬ್ಬರು ‘ರೈನ್‌ಬೋ ಅಲಯನ್ಸ್ ಆಫ್ ದಿ ಡೆಫ್’ ಅಂದರು, ಅದೇನು, ಅಲ್ಲಿಗೆ ನಂಬಿ ಹೋಗಬಹುದಾ ಅಕ್ಕಾ, ಎಂದು ಕೇಳಿದ್ದೀ. ಅದು ಕಿವುಡ ಸಲಿಂಗಿಗಳ ಸಂಘ, ಹೋಗಬಹುದು. ಆದರೆ ಅಂಥ ಸಂಘಗಳು ಯಾಕೆ ಹುಟ್ಟಿದವು ಅನ್ನುವುದು ಗೊತ್ತಿದ್ದರೆ ಅಲ್ಲಿನ ರೀತಿನೀತಿ ನಿನಗೆ ಬೇಗ ಹಿಡಿಸುತ್ತದೆ.

ಕಿವುಡರ ಮಾತು ಕಣ್ಣಿಗೆ ಕಾಣುವ ಮಾತು. ಎಲ್ಲದರ ಬೇರು ಇಲ್ಲೇ ಇದೆ. ಕೇಳಿಸುವವರು ಮೂಲೆಯಲ್ಲಿ ಪಿಸುಗುಟ್ಟಬಹುದು. ಸನ್ನೆಯಲ್ಲಿ ಆಡಿದ್ದನ್ನು ಹಾಲ್‌ನ ಆ ಕೊನೆಯಲ್ಲಿ ಕೂತವರೂ ಓದಬಹುದು. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಊರೂರಲ್ಲಿ ಕಿವುಡರ ಕ್ಲಬ್‌ಗಳಿದ್ದವು. ವಾರಾಂತ್ಯಕ್ಕೆ ಸೇರುವುದು, ಇಸ್ಪೀಟು, ಸಿನಿಮಾ, ಎಲ್ಲಿ ಕೆಲಸ ಖಾಲಿ ಇದೆ ಎಂಬ ಸುದ್ದಿ, ಮದುವೆ ಮಾತು, ಎಲ್ಲವೂ ಅಲ್ಲೇ. ಸೇರುವವರು ಬಹುಪಾಲು ಒಂದೇ ವಸತಿ ಶಾಲೆಯಲ್ಲಿ ಒಟ್ಟಿಗೆ ಬೆಳೆದವರು. ಒಬ್ಬನ ಗುಟ್ಟು ಒಬ್ಬರಿಗೆ ತಿಳಿದರೆ ಇಡೀ ರಾಜ್ಯದ ಕಿವುಡರಿಗೆ ತಿಳಿಯಲು ತಡವಾಗುತ್ತಿರಲಿಲ್ಲ. ಅಲ್ಲಿಂದ ಹೊರಬಿದ್ದವನಿಗೆ ಹೋಗಲು ಇನ್ನೊಂದು ಕ್ಲಬ್ ಇಲ್ಲ, ಮಾತಾಡಲು ಬೇರೆ ಜನ ಇಲ್ಲ.

ಹಾಗೆಂದು ಸಲಿಂಗಿಗಳ ಬಾರಿಗೆ ಹೋದರೆ ಅಲ್ಲಿ ಕತ್ತಲೆ. ಪೊಲೀಸರ ಭಯಕ್ಕೆ, ಗುರುತು ಸಿಗದಿರಲಿ ಎಂದು ದೀಪ ಮಂದ. ಕೇಳಿಸುವವರಿಗೆ ಕತ್ತಲೆಯೇ ರಕ್ಷಣೆ. ಕಿವುಡನಿಗೆ ಕತ್ತಲೆಯೆಂದರೆ ಬಾಯಿ ಕಟ್ಟಿದ ಹಾಗೆ. ಸನ್ನೆ ಕಾಣದು, ತುಟಿ ಓದಲಾಗದು. ಹಾಗಾಗಿ ಬೇಕಾದದ್ದು ಮೂರನೆಯ ಜಾಗ: ಒಳಗೆ ಪೂರ್ತಿ ಬೆಳಕು, ಹೊರಗಿನವರಿಗೆ ಮುಚ್ಚಿದ ಬಾಗಿಲು. ಸ್ಥಳೀಯ ಸಂಘಗಳು ಕಟ್ಟಿಕೊಟ್ಟದ್ದು ಅದನ್ನೇ.

ನೀನು ಕೇಳಿದ ಸಂಸ್ಥೆ ಹುಟ್ಟಿದ್ದು 1977ರಲ್ಲಿ, ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನಗರದಲ್ಲಿ. ಅದೇ ವರ್ಷದ ಜೂನ್ 7ರಂದು ಪಕ್ಕದ ಮಯಾಮಿ ಪ್ರದೇಶದ ಡೇಡ್ ಕೌಂಟಿಯಲ್ಲಿ, ಸಲಿಂಗಿಗಳಿಗೆ ಕೆಲಸ ಮತ್ತು ಮನೆಯ ವಿಷಯದಲ್ಲಿ ರಕ್ಷಣೆ ಕೊಡುತ್ತಿದ್ದ ಕಾನೂನನ್ನು ಮತದಾರರು ದೊಡ್ಡ ಅಂತರದಿಂದ ರದ್ದು ಮಾಡಿದ್ದರು. ಅಂಥ ಗಾಳಿ ಬೀಸುತ್ತಿದ್ದಾಗ ಒಂದಷ್ಟು ಕಿವುಡರು ಸಂಘ ಕಟ್ಟಿದರಲ್ಲ, ಆ ಧೈರ್ಯವನ್ನು ನೆನೆಯಬೇಕು. ಮುಂದೆ ಅಮೆರಿಕ ಮತ್ತು ಕೆನಡಾದ ನಗರಗಳಲ್ಲಿ ಶಾಖೆಗಳಾದವು, ಎರಡು ವರ್ಷಕ್ಕೊಮ್ಮೆ ಎಲ್ಲರೂ ಸೇರುವ ಸಮ್ಮೇಳನ ರೂಢಿಯಾಯಿತು. ನಿನ್ನಂಥ ವಲಸಿಗರಿಗೆ ಆಗ ಇನ್ನೊಂದು ಅಡ್ಡಿ ಇತ್ತು: ಸಲಿಂಗಿ ಎಂದು ತಿಳಿದರೆ ವೀಸಾ ನಿರಾಕರಿಸಲು ಅವಕಾಶ ಕೊಡುವ ನಿಯಮ ಇಲ್ಲಿನ ವಲಸೆ ಕಾನೂನಿನಲ್ಲಿತ್ತು. ಅದನ್ನು ತೆಗೆದದ್ದು 1990ರಲ್ಲಿ.

ಸುದ್ದಿ ಮುಟ್ಟಿಸುವುದೇ ಆಗ ದೊಡ್ಡ ಕಷ್ಟ. ಕಿವುಡರಿಗೆ ಫೋನ್ ಎಂದರೆ ಟೈಪ್ ಮಾಡಿ ಮಾತಾಡುವ ಟಿಟಿವೈ ಯಂತ್ರ. 1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ಭೌತವಿಜ್ಞಾನಿ, ಟೆಲಿಪ್ರಿಂಟರಿನ ಅಕ್ಷರಗಳನ್ನು ಫೋನ್ ತಂತಿಯಲ್ಲಿ ಸದ್ದಾಗಿ ಕಳಿಸುವ ಉಪಾಯ ಮಾಡಿದ. ಮೊದಮೊದಲು ಬಳಸಿದ್ದು ಕಂಪನಿಗಳು ಬಿಸಾಡಿದ ಹಳೇ ಯಂತ್ರಗಳನ್ನು, ಒಬ್ಬರಿಂದ ಎತ್ತಲಾಗದಷ್ಟು ಭಾರ. ವೇಗ ನಿಮಿಷಕ್ಕೆ ಸುಮಾರು 60 ಪದ. ಒಬ್ಬರು ಮುಗಿಸಿದಾಗ ‘ನೀನಿನ್ನು ಹೇಳು’ ಎನ್ನಲು ‘ಜಿಎ’ ಎಂದು, ಮಾತು ಮುಗಿಸಲು ‘ಎಸ್‌ಕೆ’ ಎಂದು ಒತ್ತಬೇಕು. ಸಲಿಂಗಿಗಳಿಗೆ ಇದರಲ್ಲಿದ್ದ ತೊಡಕು ಕಾಗದದ ಸುರುಳಿ. ಆಡಿದ ಮಾತೆಲ್ಲ ಅಚ್ಚಾಗಿ ಮನೆಯ ಹಜಾರದಲ್ಲಿ ಬಿದ್ದಿರುತ್ತದೆ. ಅಪ್ಪ ಅಮ್ಮ ಯಾರು ಬೇಕಾದರೂ ಓದಬಹುದು. ಹರಿದು ಸುಡದಿದ್ದರೆ ಗುಟ್ಟು ಉಳಿಯದು. ಟಿಟಿವೈ ಇಲ್ಲದವರಿಗೆ ಕರೆ ಮಾಡಬೇಕೆಂದರೆ ಕೇಳಿಸುವ ಒಬ್ಬರ ಬಾಯಿ ಬೇಕು, ಅಂದರೆ ಇನ್ನೊಬ್ಬರಿಗೆ ವಿಷಯ ತಿಳಿಯಿತು. ಆದ್ದರಿಂದ ಮುಖಾಮುಖಿ ಸೇರುವುದಕ್ಕೆ ಅಷ್ಟು ಬೆಲೆ. ಇವತ್ತಿಗೂ ಈ ಸಂಘಗಳಲ್ಲಿ ಸಭೆ ಮುಗಿದ ಮೇಲೆ ಜನ ಬೇಗ ಹೊರಡುವುದಿಲ್ಲ, ಬಾಗಿಲ ಬಳಿ ನಿಂತು ಇನ್ನೊಂದು ಗಂಟೆ ಮಾತಾಡುತ್ತಾರೆ. ಗಡಿಯಾರ ನೋಡಬೇಡ, ನೀನೂ ನಿಲ್ಲು.

ಆಮೇಲೆ ಏಡ್ಸ್ ಬಂತು. 1981ರ ಜೂನ್ 5ರಂದು ಮೊದಲ ಸರ್ಕಾರಿ ವರದಿ. ಮಾಹಿತಿ ಹರಡಿದ್ದು ರೇಡಿಯೋ, ಟಿವಿ, ಫೋನ್ ಸಹಾಯವಾಣಿ ಮತ್ತು ಇಂಗ್ಲಿಷ್ ಕರಪತ್ರಗಳಲ್ಲಿ. ನಾಲ್ಕೂ ಕಿವುಡರಿಗೆ ದೂರ. ಕರಪತ್ರ ಕೈಗೆ ಬಂದರೂ, ಸನ್ನೆಯೇ ಮೊದಲ ಭಾಷೆಯಾದವರಿಗೆ ವೈದ್ಯರ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಸೋಂಕು ಇದೆ ಎನ್ನುವ ‘ಪಾಸಿಟಿವ್’ ಪದವನ್ನು ಪರೀಕ್ಷೆಯ ಚೀಟಿಯಲ್ಲಿ ಕಂಡು, ಒಳ್ಳೆಯದೇ ಆಯಿತು ಎಂದುಕೊಂಡು ಮನೆಗೆ ಹೋದವರಿದ್ದರು. ಈ ಒಂದು ಪದದಿಂದ ಆದ ಅನಾಹುತವನ್ನು ಯಾರೂ ಮರೆಯಬಾರದು. ಮಾತನ್ನು ಸನ್ನೆಗೆ, ಸನ್ನೆಯನ್ನು ಮಾತಿಗೆ ತಿರುಗಿಸುವ ಇಂಟರ್‌ಪ್ರಿಟರ್ ಕೇಳೋಣವೆಂದರೆ ಊರಿಗೆ ಇರುವವರೇ ಬೆರಳೆಣಿಕೆ, ಅವರೇ ಚರ್ಚಿನಲ್ಲೂ ಶಾಲೆಯಲ್ಲೂ ಕಾಣಿಸುವವರು. ಹಾಗಾಗಿ ಮೋಜಿಗೆ, ಗೆಳೆತನಕ್ಕೆ ಸೇರುತ್ತಿದ್ದ ಗುಂಪುಗಳೇ ಕಾಯಿಲೆಯ ವಿಷಯವನ್ನು ಸನ್ನೆಯಲ್ಲಿ ಬಿಡಿಸಿ ಹೇಳುವ, ಆಸ್ಪತ್ರೆಗೆ ಜೊತೆ ಹೋಗುವ ಕೆಲಸಕ್ಕೂ ಇಳಿದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡ್ರಾಗೋ ರೆಂಟೀರಿಯಾ 1992ರಲ್ಲಿ ಕಿವುಡ ಸಲಿಂಗಿಗಳಿಗೆಂದೇ ಒಂದು ಕೇಂದ್ರ ತೆರೆದರು, 1995ರಲ್ಲಿ ಡೆಫ್ ಕ್ವಿಯರ್ ರಿಸೋರ್ಸ್ ಸೆಂಟರ್ ಶುರು ಮಾಡಿದರು.

ಈಗ ನಿನ್ನ ಆಸ್ಪತ್ರೆಯ ವಿಷಯ. 1990ರ ಅಂಗವಿಕಲರ ಕಾನೂನಿನಂತೆ ಸರಿಯಾದ ಸಂವಹನದ ಏರ್ಪಾಡು ಮಾಡುವುದು ವೈದ್ಯರ ಹೊಣೆ, ಖರ್ಚನ್ನು ನಿನ್ನ ಮೇಲೆ ಹಾಕುವಂತಿಲ್ಲ, ಜೊತೆಗೆ ಬಂದ ನೆಂಟರೇ ಇಂಟರ್‌ಪ್ರಿಟ್ ಮಾಡಲಿ ಎನ್ನುವಂತೆಯೂ ಇಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಇಂಟರ್‌ಪ್ರಿಟರ್ ಬೇಕೆಂದು ಬರಹದಲ್ಲಿ ಕೇಳು, ಉತ್ತರವನ್ನು ಇಟ್ಟುಕೊ. ಹಿಂದಿನ ದಿನ ಮತ್ತೊಮ್ಮೆ ಖಚಿತ ಮಾಡಿಕೊ. ಹೆಚ್ಚಾಗಿ ತಪ್ಪುವುದು ಅಲ್ಲೇ, ಆಸ್ಪತ್ರೆಯ ಕೌಂಟರಿನವರು ಬುಕ್ ಮಾಡಲು ಮರೆತಿರುತ್ತಾರೆ. ಬಂದ ಇಂಟರ್‌ಪ್ರಿಟರ್ ನಿನ್ನ ಬಳಗಕ್ಕೆ ಪರಿಚಿತರಾಗಿದ್ದರೆ ಬೇರೆಯವರನ್ನು ಕೇಳಲು ಸಂಕೋಚ ಬೇಡ. ಗುಟ್ಟು ಕಾಯುವುದು ಅವರ ವೃತ್ತಿನಿಯಮದ ಮೊದಲನೆಯ ಅಂಶ, ಆದರೂ ಮನಸ್ಸು ಬಿಚ್ಚಿ ಮಾತಾಡುವುದು ನಿನಗೆ ಸುಲಭವಾಗಬೇಕಲ್ಲ. ಎಚ್‌ಐವಿ ಪರೀಕ್ಷೆ ಮಾಡಿಸಿದರೆ ವೀಸಾ ಹೋಗುತ್ತದೆಯೇ ಎಂಬ ಹೆದರಿಕೆಯೂ ಬೇಡ; ಎಚ್‌ಐವಿ ಇರುವವರಿಗೆ ಇದ್ದ ಪ್ರವೇಶ ನಿಷೇಧ 2010ರ ಜನವರಿಯಲ್ಲೇ ಹೋಯಿತು. ಕೆಲಸದ ಜಾಗದಲ್ಲಿ, 15 ಅಥವಾ ಹೆಚ್ಚು ನೌಕರರಿದ್ದರೆ, ಸಲಿಂಗಿ ಎಂಬ ಕಾರಣಕ್ಕೆ ತೆಗೆಯುವಂತಿಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಸಂಘಕ್ಕೆ ಹೋಗುವ ಮುಂಚೆ ಬೆರಳಕ್ಷರ ಪಳಗಿಸಿಕೊ. ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಎರಡು ಕೈ, ಇಲ್ಲಿ ಒಂದೇ ಕೈ. ಊರಿನ ಅಭ್ಯಾಸದಲ್ಲಿ ಮಾಡಿದರೆ ಯಾರಿಗೂ ತಿಳಿಯದು. 26 ಅಕ್ಷರ ಮಾಡಲು ಒಂದು ವಾರ ಸಾಕು, ಓದಲು ತಿಂಗಳುಗಟ್ಟಲೆ ಬೇಕು. ಒಂದೊಂದು ಅಕ್ಷರ ಎಣಿಸದೆ ಪದದ ಆಕಾರ ಹಿಡಿಯುವುದನ್ನು ಕಲಿ. ‘ಗೇ’ ಎನ್ನಲು ಜಿ, ಎ, ವೈ ಎಂದು ಮೂರಕ್ಷರ ತೋರಿಸುವುದು ಎಲ್ಲಿಯೂ ಸರಿ. ಗದ್ದದ ಬಳಿ ಮಾಡುವ ಸನ್ನೆಗಳೂ ಇವೆ, ಕೆಲವು ಕೆಲವರಿಗೆ ನೋವಾಗುತ್ತವೆ. ಎದುರಿನವರು ತಮಗೆ ಯಾವುದನ್ನು ಬಳಸುತ್ತಾರೋ ನೋಡಿ ಅದನ್ನೇ ಬಳಸು. ನಿನ್ನನ್ನು ಕರೆಯಲು ಬಳಸುವ ಸನ್ನೆ ಹೆಸರನ್ನು ನೀನೇ ಇಟ್ಟುಕೊಳ್ಳಬೇಡ, ಇಲ್ಲಿನ ಕಿವುಡರು ನಿನ್ನನ್ನು ಅರಿತ ಮೇಲೆ ಅವರೇ ಕೊಡುತ್ತಾರೆ.

ಹೋಟೆಲಿನಲ್ಲಿ ಸೇರುವುದಾದರೆ ಉದ್ದ ಮೇಜು ಹಿಡಿಯಬೇಡಿ, ಎರಡು ಕೊನೆಯವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ದುಂಡು ಮೇಜು, ಕಿಟಕಿಗೆ ಬೆನ್ನು ಮಾಡದೆ ಕೂರುವುದು. ಬೆಳಕು ಹಿಂದಿನಿಂದ ಬಂದರೆ ಮುಖ ಕಪ್ಪಾಗಿ ಸನ್ನೆ ಅರ್ಧ ಹೋಗುತ್ತದೆ.

ಶಾಖೆಗಳೆಲ್ಲ ಒಂದೇ ಸಮ ನಡೆಯುವುದಿಲ್ಲ. ದುಡಿಯುವವರು ನಾಲ್ಕೈದು ಜನ, ಅವರೇ ಅಧ್ಯಕ್ಷ, ಅವರೇ ಖಜಾಂಚಿ. ಅವರು ದಣಿದರೆ ಅಥವಾ ಒಂದು ಜೋಡಿ ಮುರಿದು ಎರಡು ಬಣವಾದರೆ ಸಂಘ ಮಲಗುತ್ತದೆ, ಹೆಸರು ಮಾತ್ರ ಉಳಿಯುತ್ತದೆ. ಆದ್ದರಿಂದ ವಂತಿಗೆ ಕಟ್ಟುವ ಮುಂಚೆ ಕೊನೆಯ ಕಾರ್ಯಕ್ರಮ ಯಾವಾಗ ನಡೆಯಿತು, ಈ ವರ್ಷದ ಪದಾಧಿಕಾರಿಗಳು ಯಾರು ಎಂದು ಕೇಳು. ನಿನ್ನ ಪಕ್ಕದ ವಾಷಿಂಗ್ಟನ್‌ನಲ್ಲಿ ಕಿವುಡರಿಗೆಂದೇ ಕಟ್ಟಿದ ಗ್ಯಾಲಡೆಟ್ ವಿಶ್ವವಿದ್ಯಾಲಯ ಇರುವುದರಿಂದ ಕಿವುಡರ ಜನಸಂಖ್ಯೆ ದೊಡ್ಡದು, ಯಾವುದೋ ಒಂದು ಗುಂಪು ಸದಾ ಜೀವಂತವಾಗಿರುತ್ತದೆ. ಅದು ನಿನ್ನ ಅದೃಷ್ಟ.

ಹಳೇ ಕಾಗದದ ಸುರುಳಿಯ ಜಾಗಕ್ಕೆ ಈಗ ವಿಡಿಯೋ ಬಂದಿದೆ. ಸಂಘದಲ್ಲಿ ಯಾರೋ ತೆಗೆದ ಹತ್ತು ಸೆಕೆಂಡಿನ ವಿಡಿಯೋದಲ್ಲಿ ಹಿಂದೆ ನೀನು ಆಡುತ್ತಿರುವ ಮಾತೂ ಓದಿಸುತ್ತದೆ. ಸನ್ನೆ ಬಲ್ಲವರ ವಾಟ್ಸಾಪ್ ಗುಂಪುಗಳಲ್ಲಿ ದಾವಣಗೆರೆ ತಲುಪಲು ಒಂದು ರಾತ್ರಿ ಸಾಕು. 2018ರ ಸೆಪ್ಟೆಂಬರ್ 6ರಿಂದ ನಮ್ಮಲ್ಲೂ ಸಲಿಂಗ ಸಂಬಂಧ ಅಪರಾಧವಲ್ಲ, ಆದರೆ ಮನೆಯವರಿಗೆ ಯಾವಾಗ ಹೇಳಬೇಕು ಎನ್ನುವುದು ನಿನ್ನ ಕೈಯಲ್ಲೇ ಇರಬೇಕು. ಮೊದಲ ದಿನ ಬಾಗಿಲಲ್ಲೇ ‘ನನ್ನ ಫೋಟೋ ಬೇಡ’ ಎಂದುಬಿಡು. ಯಾಕೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.